ಮುಚ್ಚಿದ ಬಾಗಿಲ ಆಣೆ

ಅಶ್ವತ್ಥಮ್ಮನ ಹೆಬ್ಬೆಟ್ಟನ್ನು ನೋಂದಣಿ ಕಚೇರಿಯ ಯಂತ್ರ ಮೂರು ಸಲ ಒಪ್ಪಲಿಲ್ಲ. ಎಂಬತ್ತು ವರ್ಷ ದುಡಿದ ಬೆರಳು, ಗೆರೆಗಳೆಲ್ಲ ಸವೆದಿದ್ದವು.

“ಅಜ್ಜಿ, ಈಗಲೂ ಯೋಚ್ನೆ ಮಾಡಿ,” ಎಂದಳು ಮೊಮ್ಮಗನ ಹೆಂಡತಿ ಪ್ರಿಯಾಂಕ. “ಡಾಕ್ಟ್ರು ಈ ತಿಂಗಳೇ ಆಪ್ರೇಶನ್ ಆಗ್ಬೇಕು ಅಂದವ್ರೆ. ಮಾರಕ್ಕೆ ಇರೋದು ಈ ಜಮೀನೊಂದೇ.”

“ಆ ಸುಳ್ಳಾಣೆ ನಮ್ ಮೇಲಿರೋವರ್ಗೂ ಯಾವ ಆಪ್ರೇಶನ್ನೂ ಗೆಲ್ಲಾಕಿಲ್ಲ ಕಣಮ್ಮ. ನಿನ್ ಗಂಡಂಗೆ ಮಾಡ್ಸಿರ್ಲಿಲ್ವಾ?”

ಅಶ್ವತ್ಥಮ್ಮನ ಮಗ ಹೋಗಿದ್ದ, ಮೊಮ್ಮಗ ಹೋಗಿದ್ದ. ಉಳಿದವಳು ಮರಿಮಗಳು ರಕ್ಷಾ. ಆರು ವರ್ಷ, ಹೃದಯದಲ್ಲಿ ತೂತು.

ನಾಲ್ಕನೆಯ ಸಲ ಯಂತ್ರ ಒಪ್ಪಿತು.

“ಕೋರ್ಟಲ್ಲಿ ನಮ್ ತಾತ ಸೋತ, ಮಿಷನ್ನಲ್ಲಿ ನಾವು ಗೆದ್ವಿ,” ಎಂದು ಭೂಮಿ ಬರೆಸಿಕೊಳ್ಳಲು ಬಂದಿದ್ದ ಹಾಲೇಶ ನಕ್ಕ.

“ಸುಮ್ಕಿರ್ಲಾ,” ಎಂದು ಅವನಪ್ಪ ನಂದೀಶ್ವರಯ್ಯ ಗದರಿದ. ಆಮೇಲೆ ಮುದುಕಿಯತ್ತ ತಿರುಗಿದ. “ನಾವ್ ಕೇಳಿದ್ದಲ್ಲ ಕಣಕ್ಕ. ನೀನಾಗೇ ಕೊಟ್ಟಿದ್ದು.”

“ನಿಮ್ದು ನಿಮಗೆ ಸೇರ್ತು, ತಗಾ.”

“ದಾನಪತ್ರ ಆಯ್ತು,” ಎಂದ ಗುಮಾಸ್ತ. “ಇನ್ನು ನೀವೇ ಬೇಡ ಅಂದ್ರೂ ವಾಪಸ್ ಬರಲ್ಲ.”

ದೊಡ್ಡೇರಿಯ ಆ ಎರಡು ಎಕರೆಗಾಗಿ ಮೈಸೂರು ಮಹಾರಾಜರ ಕಾಲದಲ್ಲಿ ಎರಡು ಮನೆಗಳು ಮಧುಗಿರಿ ಕೋರ್ಟಿಗೆ ಹೋಗಿದ್ದವು. ಒಂದು ಕಡೆ ಅಶ್ವತ್ಥಮ್ಮನ ಮಾವನ ತಂದೆ ಸಂಜೀವಯ್ಯ, ಇನ್ನೊಂದು ಕಡೆ ನಂದೀಶ್ವರಯ್ಯನ ತಂದೆ. ಅಲ್ಲಿನ ಮುನ್ಸೀಫ್ ಜಡ್ಜ್ ನರಹರಯ್ಯ ತೀರ್ಮಾನವನ್ನು ವೀರಭದ್ರನ ಗುಡಿಯ ಆಣೆಗೆ ಬಿಟ್ಟ. ಸಂಜೀವಯ್ಯ ಒದ್ದೆ ಬಟ್ಟೆಯಲ್ಲಿ ನಿಂತು ದೀಪ ಆರಿಸಿ ಆಣೆ ಮಾಡಿದರೆ ಭೂಮಿ ಅವನದು, ಹಿಂಜರಿದರೆ ಎದುರಾಳಿಯದು. ಇಬ್ಬರೂ ಒಪ್ಪಿ ರುಜು ಹಾಕಿದ್ದರು. ಗದ್ದಲ ಬೇಡವೆಂದು ಮುನ್ಸೀಫ್ ಎಲ್ಲರನ್ನೂ ಹೊರಗೆ ನಿಲ್ಲಿಸಿ, ಸಂಜೀವಯ್ಯನೊಬ್ಬನನ್ನೇ ಒಳಗೆ ಕರೆದು ಬಾಗಿಲು ಹಾಕಿಸಿದ. ತೆರೆದಾಗ ದೀಪ ಆರಿತ್ತು. ಭೂಮಿ ಸಂಜೀವಯ್ಯನದಾಯಿತು.

ಅಂದಿನಿಂದ ಅವನು ಆ ಗುಡಿಯ ಹೊಸ್ತಿಲು ತುಳಿಯಲಿಲ್ಲ. ಸೊಸೆಯಾಗಿ ಬಂದ ಅಶ್ವತ್ಥಮ್ಮ ಒಮ್ಮೆ ಕೇಳಿದ್ದಳು. “ಮಾತ್ ಕೊಟ್ಟಿವ್ನಿ ಕಣವ್ವ, ಕೇಳ್ಬ್ಯಾಡ” ಎಂದಿದ್ದ. ಸುಳ್ಳಾಣೆ ಮಾಡಿದವನ ಬಾಯಿ ಕಟ್ಟಿದೆ ಎಂದಿತು ಊರು. ಮನೆಯಲ್ಲಿ ಒಂದೊಂದೇ ಹೆಣ ಬಿದ್ದಾಗ ಅವಳೂ ನಂಬಿದಳು.

ನರಹರಯ್ಯ ಮಾತ್ರ ಮೇಲೇರುತ್ತಲೇ ಹೋದ. ಜಿಲ್ಲಾ ಜಡ್ಜ್ ಆದ, ಮೈಸೂರು ಸಂಸ್ಥಾನದ ಹೈಕೋರ್ಟಿಗೆ ಹೋದ. ‘ಆಣೆ ಜಡ್ಜ್’ ಎಂದೇ ಹೆಸರಾದ. ಅವನ ಒಂದು ತೀರ್ಪೂ ಮೇಲಿನ ಕೋರ್ಟಿನಲ್ಲಿ ಬೀಳಲಿಲ್ಲ.

ಕಚೇರಿಯ ಮೆಟ್ಟಿಲ ಬಳಿ ಕರಿ ಕೋಟಿನ ಹೆಣ್ಣುಮಗಳೊಬ್ಬಳು ಕಾಯುತ್ತಿದ್ದಳು. “ದೊಡ್ಡೇರಿ ಅಶ್ವತ್ಥಮ್ಮನವರಾ? ಮನೆಗೆ ಹೋಗಿದ್ದೆ, ಇಲ್ಲಿದ್ದೀರಿ ಅಂದರು. ನಾನು ಶಿವರಂಜನಿ, ವಕೀಲೆ. ಜಡ್ಜ್ ನರಹರಯ್ಯನವರ ಜೀವನಚರಿತ್ರೆ ಬರೀತಿದ್ದೀನಿ. ಅವರ ದಿನಚರಿ ಮೊನ್ನೆ ಅವರ ಮನೆಯವರ ಹತ್ತಿರ ಸಿಕ್ಕಿತು. ನಿಮಗೆ ಸಂತೋಷವಾಗೋ ಸುದ್ದಿ ಇದೆ.”

“ನಮ್ಮಜ್ಜನ್ ಆಣೆ ಬಗ್ಗೆ ಬರ್ದವ್ನಾ?”

“ಬರೆದಿದ್ದಾರೆ.”

“ಓದವ್ವ. ಋಣ ಹರ್ಕಂಡ್ ಬಂದಿವ್ನಿ. ಈಗ ಏನಿದ್ರೂ ಕೇಳ್ಬೌದು.” ಮುದುಕಿ ಮೆಟ್ಟಿಲ ಮೇಲೆ ಕೂತು ಕೈಮುಗಿದಳು. ಎಷ್ಟೋ ವರ್ಷದಿಂದ ಕಾಣದಿದ್ದ ನೆಮ್ಮದಿ ಅವಳ ಮುಖದಲ್ಲಿತ್ತು.

ಶಿವರಂಜನಿ ಇಂಗ್ಲಿಷಿನಲ್ಲಿದ್ದುದನ್ನು ನಿಧಾನವಾಗಿ ಕನ್ನಡಕ್ಕೆ ತಿರುಗಿಸುತ್ತ ಓದಿದಳು:

“ಪತ್ರಗಳ ಪ್ರಕಾರ ಭೂಮಿ ಸಂಜೀವಯ್ಯನದೇ. ಆದರೂ ಮಣ್ಣಿಗಾಗಿ ದೇವರ ಹೆಸರೆತ್ತಲಾರೆ ಎಂದು ಕೈಮುಗಿದು ನಿಂತುಬಿಟ್ಟ. ದೀಪ ಆರಿಸಿದವನು ನಾನು. ಅವನು ಆಣೆ ಮಾಡಿದನೆಂದು ಸುಳ್ಳು ಬರೆದವನೂ ನಾನೇ. ಇದನ್ನು ಸಾಯುವವರೆಗೆ ಯಾರಿಗೂ ಹೇಳೆನೆಂದು ನನಗೆ ಮಾತು ಕೊಟ್ಟಿದ್ದಾನೆ.”