ಎಳೆದುಕೊಳ್ಳುವ ಪುಡಿ

ಗೌರಾಬಾಯಿ ಕ್ಯಾಪ್ಸೂಲನ್ನು ನಾಲಿಗೆಯ ಮೇಲಿಟ್ಟುಕೊಂಡು ನೀರಿನ ತಂಬಿಗೆಗೆ ಕೈ ಚಾಚಿದಾಗಲೇ ಮಗಳು ರೇಣುಗೆ ಗೊತ್ತಾಗಿದ್ದು: ಆರು ವಾರಗಳಿಂದ ತಾಯಿ ದಮ್ಮಿನ ಔಷಧವನ್ನು ನುಂಗುತ್ತಲೇ ಬಂದಿದ್ದಾಳೆ.

"ಯವ್ವಾ, ಉಗುಳು! ಅದು ನುಂಗೂದಲ್ಲ, ಒಳಗಿನ ಪುಡಿ ಉಸಿರಿನಾಗ ಎಳಕೊಳ್ಳೂದು. ಡಾಕ್ಟರ್ ಕೊಟ್ಟ ಯಂತ್ರ ಎಲ್ಲದ?"

"ಆ ಪುಂಗಿ ಏನ?" ಗೌರಾಬಾಯಿಯ ಎದೆ ಸಿಳ್ಳೆ ಹಾಕುತ್ತಿತ್ತು, ಎರಡು ಮಾತಿಗೊಮ್ಮೆ ನಿಲ್ಲಬೇಕಾಗುತ್ತಿತ್ತು. "ಈ ವಯಸ್ಸಿನಾಗ... ಪುಂಗಿ ಊದ್ಲೇನ? ಗುಳಿಗಿ ಮಾತ್ರ... ಒಂದ್ ದಿನಾನೂ ತಪ್ಪಿಸಿಲ್ಲ."

ಡಾಕ್ಟರರು ಮರಾಠಿಯಲ್ಲಿ ಎಲ್ಲವನ್ನೂ ವಿವರಿಸುವಾಗ ಆ ಭಾಷೆ ಸರಿಯಾಗಿ ತಿಳಿಯದ ತಾಯಿ ಪ್ರತಿ ಮಾತಿಗೂ ಅವರಂತೆಯೇ "ಹೋ, ಹೋ" ಎಂದು ಹೌದೆನ್ನುತ್ತ ತಲೆಯಾಡಿಸಿದ್ದಳು. ರೇಣು ಬಾಗಿಲಾಚೆ ಆಫೀಸಿನ ಫೋನಿನಲ್ಲಿದ್ದಳು.

ಯಂತ್ರ ಕಪಾಟಿನಲ್ಲಿ ಸಿಕ್ಕಿತು, ಬಿಚ್ಚದ ಪ್ಲಾಸ್ಟಿಕ್ಕಿನಲ್ಲಿ. ರೇಣು ಅದನ್ನು ಹಲ್ಲಿನಿಂದ ಹರಿದು, ಹೊಸ ಕ್ಯಾಪ್ಸೂಲು ಸಿಕ್ಕಿಸಿ ತಿರುವಿದಳು. ಕ್ಯಾಪ್ಸೂಲು ಒಡೆದು ಬಿಳಿ ಪುಡಿ ಕೊಳವೆಯೊಳಗೆ ಉದುರಿತು. ಅದು ಶ್ವಾಸನಾಳಕ್ಕೆ ಇಳಿದರೆ ಬಿಗಿದುಕೊಂಡ ಸ್ನಾಯುಗಳು ಸಡಿಲವಾಗುತ್ತವೆ, ಗಾಳಿಗೆ ದಾರಿಯಾಗುತ್ತದೆ. ದಮ್ಮು ಏರಿದಾಗಲೇ ರೇಣು ಫೋನು ಮಾಡಿ ಕರೆದಿದ್ದ ಆಂಬುಲೆನ್ಸು ಇನ್ನೂ ಕೋಥರೂಡ್ ಬಡಾವಣೆಯ ಟ್ರಾಫಿಕ್ಕಿನಲ್ಲೇ ಇತ್ತು.

"ಜಗ್ಗವ್ವಾ! ಜೋರ್ ಜಗ್ಗು!"

ಗೌರಾಬಾಯಿ ಜಗ್ಗಿದಳು. ಪುಡಿ ಕದಲಲಿಲ್ಲ. ಆ ಯಂತ್ರ ತಾನಾಗಿ ಏನನ್ನೂ ಊದುವುದಿಲ್ಲ. ಪುಡಿಯನ್ನು ಒಳಗೊಯ್ಯಬೇಕಾದದ್ದು ರೋಗಿಯದೇ ಉಸಿರು. ಇನ್ನೊಮ್ಮೆ ಜಗ್ಗಿದಳು. ತುಟಿ ನೀಲಿಗಟ್ಟುತ್ತಿತ್ತು.

"ಹಿಂಗ ನೋಡು, ಹಿಂಗ," ಎಂದು ರೇಣು ಬಾಯಿ ತೆರೆದು ಎದೆ ತುಂಬ ಉಸಿರೆಳೆದು ತೋರಿಸಿದಳು. ಹಸಿದವರು ಪಕ್ಕದವರ ತಾಟು ನೋಡುವಂತೆ ತಾಯಿ ಅದನ್ನು ನೋಡಿದಳು.