ಬಾಯಾರಿದ ಪೈಪು

ಬೀಡುಕಬ್ಬಿಣದ ಪೈಪು ಜೋಡಿಸುವಾಗ ಆಡಿದ ಮಾತು ಅದರೊಳಗೇ ಉಳಿದು, ನೀರು ಬಂದಾಗಲೆಲ್ಲ ನಳದಲ್ಲಿ ಕೇಳಿಸುತ್ತದೆ. ಸ್ಟೀಲು ಮಾತು ಹಿಡಿಯುವುದಿಲ್ಲ. ಅದಕ್ಕೇ ಫಿಟ್ಟರ್ ಫಕ್ಕೀರಪ್ಪ ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಕೆಲಸ ಮಾಡುತ್ತಿದ್ದ. ಹತ್ತು ವರ್ಷದ ಹಿಂದೆ, ಈ ಓಣಿಯಲ್ಲಿ ಮಾತ್ರ, ಬಾಯಾರಿ ಬಟ್ಟೆ ಬಿಚ್ಚಿದ್ದ. ಅಂದಿನಿಂದ ಇಲ್ಲಿನ ನಳಗಳೆಲ್ಲ ದಿನಾ ಬೆಳಿಗ್ಗೆ, “ಯವ್ವಾ, ಒಂದ್ ಚರಿಗಿ ನೀರ ಕೊಡ ಬೇ” ಎನ್ನುತ್ತಿದ್ದವು. ಬೇಸತ್ತ ಜನ ಸ್ಟೀಲು ಕೇಳಿದ್ದರು.

ಪೈಪು ಬದಲಿಸಲು ಎಂಜಿನಿಯರ್ ಜೊತೆ ಫಕ್ಕೀರಪ್ಪನೇ ಬಂದಾಗ, ಕೊನೆಯ ಮನೆಯ ಗಂಗವ್ವ ಅಗೆಯುವ ಜಾಗದಲ್ಲೇ ಕೂತುಬಿಟ್ಟಿದ್ದಳು.

“ಬೀಡು ತುಕ್ಕು ಹಿಡಿತೈತಿ ಅಜ್ಜಿ. ಸ್ಟೀಲು ಛಲೋ,” ಎಂದರು ಎಂಜಿನಿಯರ್.

“ಇರಬಹುದ್ರೀ ಸಾಹೇಬ್ರ. ಮಕ್ಕಳಿಲ್ಲದಾಕಿ ನಾ. ನನ್ನ ಯವ್ವಾ ಅನ್ನೂದು ಇದೊಂದ ನಳ.”

ಫಕ್ಕೀರಪ್ಪ ಗುದ್ದಲಿ ಕೆಳಗಿಟ್ಟು ಬಾಯಿಯ ಬಟ್ಟೆ ಬಿಚ್ಚಿದ.

“ಯವ್ವಾ, ಒಂದ್ ಚರಿಗಿ ನೀರ ಕೊಡ ಬೇ.”

ಗಂಗವ್ವ ಮೊದಲು ನಳದ ಕಡೆ ನೋಡಿದಳು. ನೀರು ಬಂದಿರಲಿಲ್ಲ. ಆಮೇಲೆ ಅವನ ಮುಖ ನೋಡಿ, ಚರಿಗೆ ತರಲು ಎದ್ದಳು.