ಮನೆಗೆಲ್ಲ ಹಚ್ಚಿದ ನಾಚಿಕೆ

ಹೆಣ್ಣು ನೋಡಲು ಬಂದವರು ಗೇಟು ತೆಗೆಯುತ್ತಿದ್ದಂತೆ ಚಿಕ್ಕಮ್ಮ, ಮನೆಯವರಿಗೆ ಬೇಕಾದ ಗುಣ ಹಚ್ಚುವ ಗೋಡೆಯ ಟಚ್‌ಸ್ಕ್ರೀನಿನಲ್ಲಿ ಮನೆಮಂದಿಯ ಪಟ್ಟಿ ತೆರೆದು ‘ನಾಚಿಕೆ’ ಒತ್ತಿದಳು. ಹಿಂದೆಲ್ಲ ಪಟ್ಟಿಗೆ ಹಚ್ಚಿದ ಗುಣ ಕೊನೆಯ ಹೆಸರಿಗೆ, ಅಂದರೆ ಮದುವೆಯ ಹುಡುಗಿ ರೋಹಿಣಿಗೆ ಮಾತ್ರ ಅಂಟುತ್ತಿತ್ತು. ಮೊನ್ನೆಯ ಅಪ್‌ಡೇಟ್ ಆದಮೇಲೆ ಹೊಸ್ತಿಲೊಳಗೆ ಇರುವವರಿಗೆಲ್ಲ ಒಂದೇ ಸಮ ಅಂಟುತ್ತದೆ, ಆಮೇಲೆ ಒಳಗೆ ಕಾಲಿಟ್ಟ ನೆಂಟರನ್ನೂ ಬಿಡುವುದಿಲ್ಲ. ಚಿಕ್ಕಮ್ಮ ಅದನ್ನು ಓದದೆಯೇ ‘ಒಪ್ಪಿದೆ’ ಅಂದಿದ್ದಳು.

ರೋಹಿಣಿ ಅಂಗಳದಲ್ಲಿ ಮಲ್ಲಿಗೆ ಕೊಯ್ದು ಬಾಗಿಲಿಗೆ ಬರುವಷ್ಟರಲ್ಲಿ ಅಪ್ಪ ಕಪಾಟಿನ ಹಿಂದೆ ಅವಿತಿದ್ದ. ಅಜ್ಜ ಪಂಚೆಯ ತುದಿಯಿಂದ ಬಾಯಿ ಮುಚ್ಚಿಕೊಂಡಿದ್ದ. ‘ನಮ್ಮ ಹುಡುಗನಿಗೆ ಏನು ಕೊಡ್ತೀರಿ’ ಅಂತ ಕೇಳಲೆಂದೇ ಬಂದಿದ್ದ ಹುಡುಗನ ಅಪ್ಪ ಕಾಲಿನ ಹೆಬ್ಬೆರಳಿಂದ ನೆಲ ಗೀರುತ್ತಿದ್ದ. ಉಪ್ಪಿಟ್ಟು ಆರುತ್ತಿತ್ತು, ತಟ್ಟೆ ಮುಂದಿಡಲು ಯಾರಿಗೂ ಧೈರ್ಯವಿಲ್ಲ.

“ಒಳಗೆ ಬಾರೇ,” ಅಂದಳು ಚಿಕ್ಕಮ್ಮ, ಸೆರಗಿನ ಮರೆಯಿಂದ.

ರೋಹಿಣಿ ಬರಲಿಲ್ಲ. ಹೊಸ್ತಿಲಾಚೆಯೇ ಕುರ್ಚಿ ಎಳೆದು ಕಾಲಮೇಲೆ ಕಾಲು ಹಾಕಿ ಕೂತಳು.

“ಹುಡುಗನಿಗೆ ಅಡುಗೆ ಬರುತ್ತಾ?”

ಹುಡುಗ ಅಂಗಿಯ ತುದಿಯನ್ನು ಬೆರಳಿಗೆ ಸುತ್ತತೊಡಗಿದ.

“ಹೋಗಲಿ, ಒಂದು ಹಾಡು ಹೇಳಲಿ.”

ಹುಡುಗನ ಅಮ್ಮ ಮಗನ ಬೆನ್ನು ಸವರಿ, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ ಹೇಳಿದಳು:

“ಮನೆಯಲ್ಲಿ ಚೆನ್ನಾಗಿ ಹಾಡ್ತಾನಮ್ಮ. ನಾಲ್ಕು ಜನರ ಮುಂದೆ ಸ್ವಲ್ಪ ಸಂಕೋಚ, ಅಷ್ಟೆ.”